ಶಾಲು ಬೇಡ, ನೂಲು ಕೊಡಿ

ತಾಳಿಪಾಡಿ, ಉಡುಪಿ, ಕಾರ್ಕಳದ ಕಡೆಗಳಲ್ಲಿ ಉಡುಪಿ ಸೀರೆಯ ಮಗ್ಗಕ್ಕೆ ಹೊಸದಾಗಿ ಕೂತಿರುವ ಎಲ್ಲರಿಗೂ,

ನಮ್ಮ ಪಡುಬಿದ್ರಿ ಪೇಟೆಯಿಂದ ಹೊರಡುವ ದಾರಿಗಳೆಲ್ಲ ನಿಮ್ಮ ಕಡೆಗೇ ಹೋಗುತ್ತವೆ. ತೆಂಕಕ್ಕೆ ಹೋಗಿ ಮೂಲ್ಕಿಯಲ್ಲಿ ಒಳಗೆ ತಿರುಗಿದರೆ ಕಿನ್ನಿಗೋಳಿ, ಮೂಡಕ್ಕೆ ಕಾರ್ಕಳ, ಬಡಗಕ್ಕೆ ಕಾಪು ಕಳೆದು ಉಡುಪಿ. ಪಡುವಕ್ಕೆ ಮಾತ್ರ ಕಡಲು. ಅಲ್ಲಿ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಬೀಚು ಉಂಟು, ಅದರ ಸುದ್ದಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಈಚೆಗೆ ನಿಮ್ಮ ಸುದ್ದಿಯೂ ಬರುತ್ತಿದೆ. ಮಗ್ಗದ ಮುಂದೆ ಕೂತ ಒಂದು ಫೋಟೊ, ಅದರಡಿಗೆ ಪರಂಪರೆಯನ್ನು ಉಳಿಸುತ್ತಿರುವವರು ಎಂಬಂಥ ಒಂದು ಸಾಲು. ಓದಿ ಸಂತೋಷಪಟ್ಟೆ. ಸ್ವಲ್ಪ ಹೊತ್ತಿಗೆ ಕಸಿವಿಸಿಯೂ ಆಯಿತು. ಆ ಕಸಿವಿಸಿಯಿಂದ ಹುಟ್ಟಿದ ಪತ್ರ ಇದು.

ಆಗಸ್ಟ್ 7 ಬಂತೆಂದರೆ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಕಲ್ಕತ್ತೆಯಲ್ಲಿ ಸ್ವದೇಶಿಯ ಕರೆ ಎದ್ದಿತ್ತೆಂದು 2015ರಿಂದ ದೇಶವಿಡೀ ಆಚರಿಸುತ್ತಾರೆ. ನಮ್ಮೂರ ಕಡೆ ಆಚರಣೆ ಎಂದರೆ ಗೊತ್ತಲ್ಲ: ವೇದಿಕೆ, ದೀಪ, ಐದಾರು ಭಾಷಣ, ಕೊನೆಗೆ ಹಿರಿಯ ನೇಕಾರರಿಗೊಂದು ಸನ್ಮಾನ. ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ಇಂಥ ಸಭೆಗಳ ಶಾಲು ಬಹುಪಾಲು ಗಿರಣಿಯದು, ಪಾಲಿಯೆಸ್ಟರಿನದು. ಮೂರು ತಲೆಮಾರು ಹತ್ತಿಯ ನೂಲು ಮುಟ್ಟಿದ ಮೈಗೆ ಅದನ್ನು ಹೊದೆಸುವಾಗ ಯಾರಿಗೂ ನಗು ಬರುವುದಿಲ್ಲ ಎಂಬುದೇ ನನಗೆ ಸೋಜಿಗ.

ನಿಮಗೆ ನಾನು ಹೇಳಬೇಕೆಂದಿರುವುದು ಇಷ್ಟೆ. ನಿಮ್ಮ ಕೆಲಸ ಸಾರ್ಥಕವಾದದ್ದು ಎಂದು ಹೇಳುವವರ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಸಾರ್ಥಕ ಎನ್ನುವ ಮಾತಿನ ನೆರಳಲ್ಲಿ ನೂಲು, ಮಜೂರಿ, ಗಿರಾಕಿ, ವಾರದ ಲೆಕ್ಕ ಇವೆಲ್ಲ ಮರೆಗೆ ಸರಿಯುತ್ತವೆ. ಮಗ್ಗ ನಿಲ್ಲುವುದು ಈ ಚಿಲ್ಲರೆ ಸಂಗತಿಗಳ ಮೇಲೆ. ನಿಮ್ಮ ಹುಮ್ಮಸ್ಸಿನ ಮೇಲೆ ಅದನ್ನು ನಿಲ್ಲಿಸಲು ಯಾರಾದರೂ ಹೊರಟರೆ ಒಪ್ಪಬೇಡಿ.

ಮೊದಲು ಕೆಲಸವನ್ನೇ ನೋಡೋಣ. ಉಡುಪಿ ಸೀರೆ ಅಂದರೆ ಒಂಟಿ ಎಳೆಯ ಹತ್ತಿ, ಹೆಚ್ಚಾಗಿ 60 ಅಥವಾ 80 ಕೌಂಟಿನದು. ಸಾದಾ ಒಡಲು, ಬೇರೆ ಬಣ್ಣದ ಅಂಚು, ಮೈಗೆ ಹಗುರ. ನಮ್ಮ ಬೇಸಗೆಯ ಬೆವರಿಗೂ ಆಷಾಢದ ತೇವಕ್ಕೂ ಹೇಳಿ ಮಾಡಿಸಿದ್ದು. ಕೌಂಟಿನ ಲೆಕ್ಕ ನಿಮಗೆ ಕಲಿಸಿರುತ್ತಾರೆ: ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟಿವೆಯೋ ಅಷ್ಟು ಕೌಂಟು. ಹಾಗಾದರೆ 80 ಕೌಂಟಿನ ಒಂದು ಪೌಂಡ್ ನೂಲನ್ನು ಬಿಚ್ಚಿ ಎಳೆದರೆ 67,200 ಗಜ, ಅಂದರೆ 61 ಕಿಲೋಮೀಟರು ಮೀರಿ ಹೋಗುತ್ತದೆ. ಪಡುಬಿದ್ರಿಯಲ್ಲಿ ತುದಿ ಹಿಡಿದು ಹೊರಟರೆ ಹೆಚ್ಚುಕಮ್ಮಿ ಕುಂದಾಪುರ. ಅಷ್ಟು ಸಪುರದ ಎಳೆ ಲಾಳಿಯ ಹೊಡೆತಕ್ಕೆ, ಹಣಿಗೆಯ ತಿಕ್ಕಾಟಕ್ಕೆ ತುಂಡಾಗದೆ ಉಳಿಯಬೇಕಾದರೆ ಹಾಸಿನ ನೂಲಿಗೆ ಗಂಜಿ ಕುಡಿಸಬೇಕು. ಗಂಜಿ ದಪ್ಪವಾದರೆ ಎಳೆಗೆ ಎಳೆ ಅಂಟುತ್ತದೆ, ತೆಳುವಾದರೆ ಎಳೆ ಬಿರುಸಾಗುವುದಿಲ್ಲ. ಆಟಿಯ ಮಳೆಯಲ್ಲಿ ಗಂಜಿ ಬೇಗ ಒಣಗುವುದೂ ಇಲ್ಲ. ಬೇಸಗೆಯ ಒಣಗಾಳಿಗೆ ನೂಲು ಪಟಪಟನೆ ಕಡಿಯುತ್ತದೆ, ಮಳೆಗಾಲದಲ್ಲಿ ಕಡಿಯುವುದು ಕಡಿಮೆ, ಆದರೆ ಗಂಜಿ ಕೈಕೊಡುತ್ತದೆ. ಕಡಲ ಕರೆಯ ನೇಕಾರರಿಗೆ ಯಾವ ಕಾಲವೂ ಪೂರ್ತಿ ಅನುಕೂಲವಲ್ಲ.

ಇನ್ನು ಕೈಗಳ ಲೆಕ್ಕ. ಲಡಿಯನ್ನು ತೊಳೆದು ಬಣ್ಣಕ್ಕೆ ಹಾಕುವವರು, ರಾಟೆಯಲ್ಲಿ ಸುತ್ತುವವರು, ಹಾಸು ಹೂಡುವವರು, ಹಳೆಯ ಹಾಸಿನ ಎಳೆಗೆ ಹೊಸತರ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸುವವರು, ಕಂಡಿಕೆ ತುಂಬಿಸಿ ಕೊಡುವವರು. ಫೋಟೊದಲ್ಲಿ ಕಾಣುವುದು ಮಗ್ಗದಲ್ಲಿ ಕೂತವರು ಮಾತ್ರ. ಹಿಂದಿನ ಕಾಲದಲ್ಲಿ ಈ ಕೆಲಸಗಳನ್ನೆಲ್ಲ ಮನೆಯ ಹೆಂಗಸರು, ಮಕ್ಕಳು, ಮುದುಕರು ಮಾಡುತ್ತಿದ್ದರು, ಅವರಿಗೆ ಬೇರೆ ಮಜೂರಿ ಇರಲಿಲ್ಲ. ಸೀರೆಯ ಬೆಲೆ ಅಗ್ಗವಾಗಿ ಕಂಡದ್ದು ಆ ಲೆಕ್ಕವಿಲ್ಲದ ದುಡಿಮೆಯಿಂದ. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ಸೊಸೆ ಮಣಿಪಾಲದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಆ ಕೈಗಳಿಗೆ ಇನ್ನು ದುಡ್ಡು ಕೊಟ್ಟೇ ಕರೆಯಬೇಕು. ಕೈಮಗ್ಗ ಉಳಿಸಿ ಎಂದು ಹೇಳುವ ಸಭೆಯಲ್ಲಿ ಹಾಸು ಹೂಡುವವರ ಮಜೂರಿಯ ಮಾತು ಎತ್ತಿ ನೋಡಿ. ಸಭೆ ಎಷ್ಟು ಸದುದ್ದೇಶದ್ದು ಎಂಬುದು ಆಗ ತಿಳಿಯುತ್ತದೆ.

ಈಗ ನಿಮಗೆ ಸ್ವಲ್ಪ ಸಿಟ್ಟು ಬರಬಹುದಾದ ಮಾತು. ನಿಮ್ಮ ಕೆಲಸ ಗೆಲ್ಲಬೇಕಾದರೆ ಬೀಡಿಯಿಂದ ಕಲಿಯಬೇಕು.

ನನ್ನ ಅಮ್ಮ ಬೀಡಿ ಕಟ್ಟಿದವರು. ಸೂಪನ್ನು, ಅಂದರೆ ಬೀಡಿಯ ಮೊರವನ್ನು, ಮಡಿಲಲ್ಲಿ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಮಡಚಿ, ನೂಲು ಸುತ್ತಿ. ಪರಂಪರೆ, ಸಂಸ್ಕೃತಿ ಎಂದು ಯಾರೂ ಅದಕ್ಕೆ ಹೆಸರಿಡಲಿಲ್ಲ. ಸನ್ಮಾನ ಅಂತೂ ದೂರದ ಮಾತು. ಹೊಗೆಸೊಪ್ಪಿನ ಧೂಳಿಗೆ ಕೆಮ್ಮು, ಕೂತಲ್ಲೇ ಕೂತು ಬೆನ್ನುನೋವು, ಕಟ್ಟಿದ್ದನ್ನು ಸೇದಿದವರಿಗೆ ಮತ್ತೊಂದು ಬಗೆಯ ಕೆಮ್ಮು. ಕೆಲಸದ ಅರ್ಥವನ್ನು ತೂಗಿದರೆ ತಕ್ಕಡಿಯಲ್ಲಿ ಏನೂ ನಿಲ್ಲುವುದಿಲ್ಲ. ಆದರೂ ಅವಿಭಜಿತ ದಕ್ಷಿಣ ಕನ್ನಡದ ಎಷ್ಟೋ ಸಾವಿರ ಮನೆಗಳಲ್ಲಿ ಮಕ್ಕಳ ಫೀಸು, ಹೆಣ್ಣುಮಕ್ಕಳ ಕಿವಿಯ ಚಿನ್ನ, ಹಂಚಿನ ಮಾಡು ಬಂದದ್ದು ಆ ಸೂಪಿನಿಂದ. ಮಗ್ಗ ಇದ್ದ ಮನೆಗಳಲ್ಲೂ ಹೆಂಗಸರು ಕಂಡಿಕೆ ಬಿಟ್ಟು ಬೀಡಿ ಹಿಡಿದರು. ಪ್ರೀತಿಯಿಂದ ಹಿಡಿದದ್ದಲ್ಲ.

ಯಾಕೆ ಹಿಡಿದರು? ಏರ್ಪಾಡು ನೋಡಿ. ನಡೆದು ಹೋಗುವಷ್ಟು ದೂರದಲ್ಲಿ ಬೀಡಿ ಕಂಪೆನಿಯ ಬ್ರಾಂಚು. ಎಲೆ, ಹೊಗೆಸೊಪ್ಪು ತೂಗಿ ಕೊಡುತ್ತಾರೆ, ಅದಕ್ಕೆ ಕೈಯಿಂದ ಬಂಡವಾಳ ಹಾಕಬೇಕಾಗಿಲ್ಲ. ಕಟ್ಟಿದ್ದನ್ನು ಅಲ್ಲಿಯೇ ತೆಗೆದುಕೊಳ್ಳುತ್ತಾರೆ, ಮಾರುವ ತಲೆಬಿಸಿ ಇಲ್ಲ. ಸಾವಿರಕ್ಕೆ ಇಷ್ಟು ಎಂಬ ದರ ಎಲ್ಲರಿಗೂ ಗೊತ್ತು. ಎಷ್ಟು ಕಟ್ಟಿದರೆಂಬುದು ಪುಸ್ತಕದಲ್ಲಿ ಬರೆದಿರುತ್ತದೆ. ವಾರಕ್ಕೆ ಹಣ. ಮಗುವಿಗೆ ಜ್ವರ ಬಂದರೆ ಇವತ್ತು ಐನೂರು, ನಾಳೆ ಸಾವಿರ, ಯಾರೂ ಕೇಳುವುದಿಲ್ಲ. ಗಂಜಿ ಬೇಯುವ ಹೊತ್ತಿಗೆ ಒಂದು ಕಟ್ಟು ಮುಗಿಯುತ್ತದೆ.

ಈ ಏರ್ಪಾಡು ತಾನಾಗಿ ಬಂದದ್ದೂ ಅಲ್ಲ, ಮಾಲಕರ ಔದಾರ್ಯವೂ ಅಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಅದು ಕಾರ್ಮಿಕರೆಂದು ಲೆಕ್ಕ ಹಿಡಿಯಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಕ್ಷೇಮನಿಧಿಯ ಕಾಯಿದೆ ಬಂತು, ಅದರಿಂದ ಮಕ್ಕಳಿಗೆ ವಿದ್ಯಾರ್ಥಿವೇತನ. ಆಮೇಲೆ ಪಿ.ಎಫ್. ಯೂನಿಯನ್ನಿನವರು ಗೇಟಿನ ಮುಂದೆ ಕೂಗಿದ್ದು, ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಬಿಸಿಲಲ್ಲಿ ನಿಂತದ್ದು ಎಲ್ಲ ಸೇರಿ ಆದದ್ದು. ಗಡಿಯಾಚೆ ಕಣ್ಣೂರಿನಲ್ಲಿ ಇದೇ ಕಾಯಿದೆ ಜಾರಿಯಾಗುವಾಗ ಅದೇ ಕಂಪೆನಿ ಅಲ್ಲಿಯ ಬಾಗಿಲು ಹಾಕಿತು, ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಕಟ್ಟಿದರು. ಒಬ್ಬರು ಪತ್ರಿಕೆ ಗಟ್ಟಿಯಾಗಿ ಓದುವುದು, ಉಳಿದವರು ಕೇಳುತ್ತ ಬೀಡಿ ಸುತ್ತುವುದು ಅಲ್ಲಿಯ ರೂಢಿ. ಬೀಡಿಯ ಬೇಡಿಕೆ ಇಳಿಯುತ್ತಿದ್ದಂತೆ ಅದೇ ಸಹಕಾರಿ ಕೊಡೆಗೂ ಮಸಾಲೆಪುಡಿಗೂ ಹೊರಳಿತು.

ಅರ್ಥವೇ ಇಲ್ಲದ ಕೆಲಸವನ್ನು ಒಂದು ಗಟ್ಟಿ ಏರ್ಪಾಡು ಐವತ್ತು ವರ್ಷ ಹೊತ್ತು ನಡೆಯಿತು. ಅರ್ಥ ತುಂಬಿ ತುಳುಕುವ ನಿಮ್ಮ ಕೆಲಸ ಅದೇ ಐವತ್ತು ವರ್ಷಗಳಲ್ಲಿ ಅಳಿವಿನ ಅಂಚಿಗೆ ಬಂತು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಕಾರ್ಕಳದ ಕದಿಕೆ ಟ್ರಸ್ಟಿನ ಮಮತಾ ರೈ ಮತ್ತು ಜೊತೆಗಾರರು 2018ರ ಹೊತ್ತಿಗೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘಕ್ಕೆ ಹೋದಾಗ ನೇಯುತ್ತಿದ್ದವರು ಬೆರಳೆಣಿಕೆಯಷ್ಟು, ಅವರೂ ನಡುವಯಸ್ಸು ದಾಟಿದವರು. ಮಾನ್ಯತೆಯ ಕಾಗದ ಬಂದಿತ್ತು, ನೇಯಲು ಜನ ಇರಲಿಲ್ಲ.

ಇದನ್ನು ಕೇಳಿ ಹಳಬರು ಮಗ್ಗವನ್ನು ಪ್ರೀತಿಸಲಿಲ್ಲ ಎಂದು ತಿಳಿಯಬೇಡಿ. ಪ್ರೀತಿ ಬೇಕಾದಷ್ಟಿತ್ತು. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಮನೆಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡರ ತಿಂಗಳ ಆದಾಯ 5,000 ರೂಪಾಯಿಯ ಒಳಗೆ. ಇಂಥ ಲೆಕ್ಕದ ಮುಂದೆ ಮಗನನ್ನು ಮುಂಬಯಿಯ ಹೋಟೆಲಿಗೋ ದುಬೈಗೋ ಕಳಿಸಿದ ತಂದೆಯನ್ನು ಪರಂಪರೆ ಬಿಟ್ಟವನು ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ನಮ್ಮ ಊರಿನವರಿಗೆ ಈ ಪಾಠ ಹೊಸತೂ ಅಲ್ಲ. ನೂರು ವರ್ಷದ ಹಿಂದೆ, 1925ರಲ್ಲಿ, ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರುವಾದದ್ದೇ ನೇಕಾರರಿಗಾಗಿ. ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ ಅದು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರ್, ಟಿ.ಎಂ.ಎ. ಪೈ ಆಗಷ್ಟೇ ವೈದ್ಯಕೀಯ ಮುಗಿಸಿ ಬಂದ ಡಾಕ್ಟರು. ಮೂವರು ಸೇರಿ 8,000 ರೂಪಾಯಿ ಬಂಡವಾಳ ಹೂಡಿದರು. ಭಾಷಣ ಮಾಡಬಹುದಿತ್ತು. ನೇಕಾರನಿಗೆ ಇಲ್ಲದ್ದು ಸಾಲ ಕೊಡುವ ಕೈ ಎಂದು ಅವರಿಗೆ ಹೊಳೆಯಿತು. ಸಾಲ ಕೊಡಲು ಹಣ ಬೇಕು, ಹಣ ಇದ್ದದ್ದು ಊರಿನ ಸಣ್ಣ ಜನರಲ್ಲಿ, ಅದೂ ಕಾಸು ಕಾಸಾಗಿ. 1928ರಲ್ಲಿ ಪಿಗ್ಮಿ ಹುಟ್ಟಿತು. ಬ್ಯಾಂಕಿನ ಪರವಾಗಿ ಒಬ್ಬರು ದಿನವೂ ಮನೆಬಾಗಿಲಿಗೆ, ಅಂಗಡಿಗೆ ಬಂದು ಎರಡಾಣೆ ತೆಗೆದುಕೊಂಡು ಬರೆದುಕೊಂಡು ಹೋಗುವುದು. ಉಳಿಸಬೇಕೆಂಬ ಆಸೆ ಮೀನಿನ ಬುಟ್ಟಿ ಹೊತ್ತವರಿಗೂ ಮೊದಲೇ ಇತ್ತು. ಸಾಯಂಕಾಲ ದುಡ್ಡು ಖರ್ಚಾಗುವ ಮುಂಚೆ ಬಾಗಿಲಿಗೆ ಬಂದು ಕೇಳುವವರು ಇರಲಿಲ್ಲ, ಅಷ್ಟೆ. ಪಿಗ್ಮಿ ಜನರಿಗೆ ಶಿಸ್ತಿನ ಉಪದೇಶ ಮಾಡಲಿಲ್ಲ, ಬಾಗಿಲು ತಟ್ಟಿತು.

ಇದೇ ಟಿ.ಎಂ.ಎ. ಪೈ ಕಟ್ಟಿದ ಮಣಿಪಾಲವನ್ನು ಕುರಿತು ಮಾತಾಡುವಾಗ ನಾವು 1953ರ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಿಂದ ಶುರುಮಾಡಿ ದೊಡ್ಡ ಕಟ್ಟಡಗಳಲ್ಲಿ ಮುಗಿಸುತ್ತೇವೆ. ಬೋಳುಗುಡ್ಡದ ಕಥೆ ಎಲ್ಲರಿಗೂ ಇಷ್ಟ. ನನಗೆ ಎರಡಾಣೆಯ ಪುಸ್ತಕವೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಪಿಗ್ಮಿಯನ್ನು ಪೂಜೆಗೂ ಇಡಬೇಡಿ. ಬಿಸಿಲಲ್ಲಿ ಮನೆ ಮನೆ ತಿರುಗಿ ಆ ಬ್ಯಾಂಕನ್ನು ಕಟ್ಟಿದ ಪಿಗ್ಮಿ ಏಜೆಂಟರಿಗೆ ಸಿಗುತ್ತಿದ್ದದ್ದು ಕಮಿಷನ್. ನಾವೂ ನೌಕರರಲ್ಲವೇ ಎಂದು ಅವರು ಕೇಳಿದ ಪ್ರಶ್ನೆ ವರ್ಷಗಟ್ಟಲೆ ನ್ಯಾಯಮಂಡಳಿ, ಕೋರ್ಟು ಸುತ್ತಿತು. 2001ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಕಾರ್ಮಿಕರೆಂದು ಒಪ್ಪಿತು. ಊರನ್ನು ಉದ್ಧಾರ ಮಾಡುವ ಸಂಸ್ಥೆಯಲ್ಲೂ ಕಾಲು ಸವೆಸುವವರ ಲೆಕ್ಕ ಕೊನೆಗೆ ಬರುತ್ತದೆ. ಆ ಬ್ಯಾಂಕೂ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನೇಕಾರರಿಗಾಗಿ ಹುಟ್ಟಿದ ಬ್ಯಾಂಕಿನ ಹೆಸರು ಬೋರ್ಡಿನಿಂದ ಇಳಿಯುವಾಗ ನಮ್ಮಲ್ಲಿ ಬೇಸರಪಟ್ಟವರು ಬಹಳ. ಮಗ್ಗಗಳು ಇಳಿಯುವಾಗ ಅಷ್ಟು ಬೇಸರ ಕಂಡ ನೆನಪಿಲ್ಲ.

ಘಟ್ಟದ ಮೇಲೆ ನಿಮ್ಮಂಥವರದೇ ಇನ್ನೊಂದು ಉದಾಹರಣೆ ಉಂಟು. ಸಾಗರದ ಹತ್ತಿರ ಹೆಗ್ಗೋಡಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ತೊಂಬತ್ತರ ದಶಕದಲ್ಲಿ ಊರ ಹೆಂಗಸರೊಂದಿಗೆ ಕಟ್ಟಿದ ಚರಕ ಸಂಘ. ಅಡಿಕೆ ಚೊಗರಿನ ಬಣ್ಣ, ಕೈಮಗ್ಗದ ಬಟ್ಟೆ, ಮಾರಲು ದೇಸಿ ಅಂಗಡಿಗಳು. ಆದರ್ಶಕ್ಕೆ ಕೊರತೆ ಇರಲಿಲ್ಲ, ಹೆಸರಿಗೂ ಇರಲಿಲ್ಲ, ಕೊಳ್ಳುವವರೂ ಇದ್ದರು. 2020ರಲ್ಲಿ ಕೊರೋನಾ ಬಂತು, ಸರ್ಕಾರದಿಂದ ಬರಬೇಕಾದ ಹಣ ಬರಲಿಲ್ಲ. ಆ ಆಗಸ್ಟಿನಲ್ಲಿ ಚರಕ ತಾನು ದಿವಾಳಿ ಎಂದು ಬಹಿರಂಗವಾಗಿ ಹೇಳಿತು. ಅವರ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಹೆಚ್ಚಿನ ಸಂಸ್ಥೆಗಳು ಸದ್ದಿಲ್ಲದೆ ಸಾಯುತ್ತವೆ. ಗಮನಿಸಬೇಕಾದ್ದು, ಅಲ್ಲಿ ಬತ್ತಿದ್ದು ಕೈಯಲ್ಲಿ ಓಡಾಡುವ ಹಣ. ಮನಸ್ಸು ಬತ್ತಿರಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯ ಖಾದಿ ಘಟಕದ ಕಥೆ ಇನ್ನೂ ಖಾರ. ರಾಷ್ಟ್ರಧ್ವಜವನ್ನೇ ಹೊಲಿಯುವ ಕೆಲಸ! ಅದಕ್ಕಿಂತ ಅರ್ಥವುಳ್ಳ ಕೆಲಸ ಯಾವುದಿದೆ? 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ಒಂದು ತಿದ್ದುಪಡಿ ಬಂದು ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ಮನೆಮನೆಯಲ್ಲಿ ಬಾವುಟ ಹಾರಿತು, ಖಾದಿ ಧ್ವಜದ ಬೇಡಿಕೆ ಕುಸಿಯಿತು.

ಇಷ್ಟೆಲ್ಲ ಹೇಳಿದ ಮೇಲೆ ನೀವು ಕೇಳಬಹುದು: ಹಾಗಾದರೆ ಮನಸ್ಸಿಗೆ ಏನೂ ಬೆಲೆ ಇಲ್ಲವೇ? ಬರೀ ಮಜೂರಿ ಕೊಟ್ಟರೆ ಯಾರು ಬೇಕಾದರೂ ನೇಯ್ದಾರೇ?

ಇಲ್ಲ. ಹಾಗೆ ಆಗುವುದಿಲ್ಲ. ಆದರೆ ಮನಸ್ಸು ಬರುವ ಹೊತ್ತಿನ ವಿಷಯದಲ್ಲಿ ನನಗೆ ಒಂದು ತಕರಾರು ಉಂಟು. ಇಷ್ಟವಿದ್ದರೆ ಕೆಲಸ ತಾನಾಗಿ ಬರುತ್ತದೆ ಎಂದು ಕಾಲೇಜಿನ ವೇದಿಕೆಗಳಲ್ಲಿ ಹೇಳುತ್ತಾರೆ. ಕೈಕೆಲಸದವರನ್ನು ಕೇಳಿದರೆ ಬಹುಪಾಲು ಉಲ್ಟಾ ಹೇಳುತ್ತಾರೆ, ಕೈಗೆ ಕೂತ ಮೇಲೆ ಇಷ್ಟ ಹತ್ತುವುದು. ಮೊದಲ ತಿಂಗಳುಗಳಲ್ಲಿ ಮಗ್ಗ ನಿಮ್ಮ ಸೊಂಟ ಮುರಿಯುತ್ತದೆ. ಕಾಲು ತುಳಿಯುವುದೂ ಕೈ ಎಳೆಯುವುದೂ ಜಗಳ ಆಡುತ್ತವೆ. ಅಂಚು ಒಳಗೆ ಎಳೆದುಕೊಳ್ಳುತ್ತದೆ, ಬಡಿತ ಒಂದೆಡೆ ಬಿಗಿ ಒಂದೆಡೆ ಸಡಿಲ, ಬೆಳಕಿಗೆ ಹಿಡಿದರೆ ಪಟ್ಟೆ ಪಟ್ಟೆ. ಆ ಹಂತದಲ್ಲಿ ಪರಂಪರೆಯ ಹೆಮ್ಮೆ ಎಂಬುದು ಬೆನ್ನಿಗೆ ಹಚ್ಚುವ ಎಣ್ಣೆಯಷ್ಟೂ ಉಪಯೋಗಕ್ಕೆ ಬಾರದು. ಆಗ ಬೇಕಾದದ್ದು ಪಕ್ಕದ ಮಗ್ಗದಲ್ಲಿ ಕೂತ ಹಳಬರೊಬ್ಬರು. ಅವರು ಬಂದು ಅಂಚಿನ ಮೇಲೆ ಬೆರಳಾಡಿಸಿ, ಇಲ್ಲಿ ಕೈ ಭಾರ ಆಯಿತು ಎಂದು ತೋರಿಸಬೇಕು. ಸಾವಿರ ಜನ ಚಪ್ಪಾಳೆ ತಟ್ಟಿದರೂ ಆ ಒಂದು ಮಾತಿಗೆ ಸಮನಾಗುವುದಿಲ್ಲ, ಯಾಕೆಂದರೆ ಚಪ್ಪಾಳೆ ತಟ್ಟುವವರಿಗೆ ತಪ್ಪು ಕಾಣುವುದಿಲ್ಲ. ತಪ್ಪು ಕಾಣುವವರು ಒಮ್ಮೆ ತಲೆದೂಗಿದರೆ ಮರುದಿನ ಬೆಳಿಗ್ಗೆ ಯಾರೂ ಕರೆಯದೆ ಮಗ್ಗಕ್ಕೆ ಬರುತ್ತೀರಿ.

ಆದ್ದರಿಂದ ಈಗ ನಿಮ್ಮ ಸಂಘದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಆಸ್ತಿ ಆ ಹಳಬರ ಬೆರಳು. ಅವರು ನೇಯಲು ಆಗದ ವಯಸ್ಸಿಗೆ ಬಂದ ಮೇಲೂ ಕಲಿಸುವುದಕ್ಕೆಂದೇ ಸಂಬಳ ಕೊಟ್ಟು ಕೂರಿಸಬೇಕು. ಸನ್ಮಾನದ ಖರ್ಚಿನಲ್ಲಿ ಅರ್ಧ ಇದಕ್ಕೆ ಹೋದರೂ ಆದೀತು.

ಇನ್ನೊಂದು ಗಂಡಾಂತರದ ಕಾಲ ಉಂಟು, ಎಚ್ಚರ ಇರಲಿ. ತರಬೇತಿಯ ದಿನಗಳಲ್ಲಿ ಭತ್ಯೆ ಬರುತ್ತದೆ. ಭತ್ಯೆ ನಿಂತ ಮರುತಿಂಗಳು ನಿಮ್ಮ ಕೈ ಇನ್ನೂ ನಿಧಾನ, ಮಜೂರಿ ಸೀರೆಯ ಲೆಕ್ಕದಲ್ಲಿ. ಆ ತಿಂಗಳು ಬರುವ ಹಣ ನೋಡಿ ಮನೆಯವರು ಒಂದು ಮಾತು ಆಡುತ್ತಾರೆ. ಎಷ್ಟೋ ತರಬೇತಿಗಳು ಮುಗಿಯುವುದು ಆ ಮಾತಿನಲ್ಲಿ. ನಿಮ್ಮ ಮನಸ್ಸು ಗಟ್ಟಿಯಿಲ್ಲ ಎಂದು ಆಮೇಲೆ ಹೇಳುವವರು ಹೇಳುತ್ತಾರೆ. ಕೈಗೆ ವೇಗ ಬರುವವರೆಗೆ ಭತ್ಯೆಯನ್ನು ಇಷ್ಟಿಷ್ಟಾಗಿ ಇಳಿಸುವುದು ಬಿಟ್ಟು ಒಮ್ಮೆಲೇ ಕಡಿದವರ ಲೆಕ್ಕಾಚಾರ ಗಟ್ಟಿಯಿಲ್ಲ ಎಂದು ನಾನು ಹೇಳುತ್ತೇನೆ.

ಕೆಲಸ ಕೈಗೂಡುವವರೆಗೆ ದುಡಿಯುವವರ ಹಣ ನಿಲ್ಲಬಾರದು ಎಂಬುದು ಕಾರ್ಕಳದವರಿಗೆ ಹೊಸ ವಿಚಾರ ಆಗಬಾರದು. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಕಾರ್ಕಳದಲ್ಲಿ ಕೆತ್ತಿದ್ದು ಇಳಿವಯಸ್ಸಿನಲ್ಲಿ. ಮಾಡಿಸಲು ಹೊರಟ ರತ್ನವರ್ಮ ಹೆಗ್ಗಡೆಯವರು 1968ರಲ್ಲೇ ತೀರಿಕೊಂಡರು. ಅವರ ಬಳಿಕ ಪಟ್ಟಕ್ಕೆ ಬಂದ ಇಪ್ಪತ್ತರ ಹರೆಯದ ವೀರೇಂದ್ರ ಹೆಗ್ಗಡೆಯವರು ಕೆಲಸ ಮುಂದುವರಿಸಿದರು. ಮೂರ್ತಿ ಧರ್ಮಸ್ಥಳಕ್ಕೆ ಹೊರಟದ್ದು 1973ರಲ್ಲಿ, ಪ್ರತಿಷ್ಠೆ ಆದದ್ದು 1982ರಲ್ಲಿ. ಶಿಲ್ಪಿಯ ಪ್ರತಿಭೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕು. ಮಾಡಿಸುವವರು ತೀರಿಕೊಂಡ ವರ್ಷವೂ ಉಳಿ ನಿಲ್ಲದಂತೆ ಚಪ್ಪರದಡಿ ದುಡಿಯುವವರ ಬಟವಾಡೆ ನಡೆಯುತ್ತಲೇ ಇದ್ದಿರಬೇಕಲ್ಲ, ನನಗೆ ಆ ಕಡತ ನೋಡುವ ಆಸೆ.

ಇನ್ನು ಗಿರಾಕಿಗಳ ವಿಷಯ. ನಾನೂ ಅವರಲ್ಲಿ ಒಬ್ಬಳಾದ್ದರಿಂದ ನಮ್ಮ ಬಂಡವಾಳ ಗೊತ್ತು. ಕೈಮಗ್ಗದ ಸೀರೆಯ ಮುಂದೆ ನಾವು ಬಹಳ ಭಾವುಕರಾಗುತ್ತೇವೆ, ಬೆಲೆ ಕೇಳಿದ ಮೇಲೆ ಚೌಕಾಸಿಗೆ ಇಳಿಯುತ್ತೇವೆ. ಮದುವೆಗೆ ಕಂಚಿಯ ಪಟ್ಟೆಗೆ ಹದಿನೈದು ಸಾವಿರ ಎಣಿಸುವಾಗ ಬಾರದ ಸಂಶಯ ಇಲ್ಲಿ ಬರುತ್ತದೆ. ದಯವಿಟ್ಟು ಬೆಲೆ ಇಳಿಸಬೇಡಿ. ಕನಿಕರಕ್ಕೆ ಮಾರಬೇಡಿ ಕೂಡ. ಕನಿಕರದಿಂದ ಕೊಂಡವರು ಎರಡನೇ ಸಲ ಬರುವುದಿಲ್ಲ. ಎರಡನೇ ಸೀರೆಗೆ ಬರುವವರು ಹತ್ತು ಒಗೆತದ ಮೇಲೂ ಬಣ್ಣ ಬಿಡದ್ದನ್ನು, ಮೈಗೆ ಹತ್ತಿದ ಮೆತ್ತನೆಯನ್ನು ನೋಡಿದವರು. ಹಿಂದೆ ನಮ್ಮ ಟೀಚರಮ್ಮಂದಿರು ಉಡುಪಿ ಸೀರೆ ಉಟ್ಟದ್ದು ಪರಂಪರೆ ಉಳಿಸಲಿಕ್ಕಲ್ಲ. ಅಗ್ಗಕ್ಕೆ ಸಿಗುತ್ತಿತ್ತು, ಬಾಳುತ್ತಿತ್ತು, ಬೆವರು ಹೀರುತ್ತಿತ್ತು. ಅಗ್ಗ ಇನ್ನು ಸಾಧ್ಯವಿಲ್ಲ, ಉಳಿದೆರಡು ನಿಮ್ಮ ಕೈಯಲ್ಲಿ ಉಂಟು. ವಿದ್ಯುತ್ ಮಗ್ಗದ ನಕಲಿಗೆ ಉಡುಪಿ ಸೀರೆ ಎಂದು ಹೆಸರಿಟ್ಟು ಮಾರುವವರು ಸಿಕ್ಕೇ ಸಿಗುತ್ತಾರೆ. 1985ರ ಕೈಮಗ್ಗ ಮೀಸಲಾತಿ ಕಾಯಿದೆ, 2016ರ ಮಾನ್ಯತೆ ಎರಡೂ ನಿಮ್ಮ ಪರ. ಆದರೆ ಕಾಗದ ತಾನಾಗಿ ಎದ್ದು ಅಂಗಡಿಗೆ ಹೋಗುವುದಿಲ್ಲ. ದೂರು ಬರೆಯುವ ಒಬ್ಬರನ್ನು ಸಂಘ ನೇಮಿಸಬೇಕು.

ಸಂಘದ ಮುಂದಿನ ಸಭೆಗೆ ಹೋಗುವಾಗ ಕೆಲವು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೇಕಾಗುವ ನೂಲು ಮೇ ತಿಂಗಳಲ್ಲೇ ಗೋದಾಮಿಗೆ ಬಂದಿದೆಯೇ? ಹಾಸು ಹೂಡುವವರು ಹಾಸಿಗೆ ಹಿಡಿದರೆ ಆ ಕೆಲಸ ಇನ್ಯಾರಿಗೆ ಗೊತ್ತು? ಮಜೂರಿ ಸೀರೆ ಮಾರಿದ ಮೇಲೋ, ನೇಯ್ದು ಕೊಟ್ಟ ಶನಿವಾರವೋ? ಮಾರಿದ ಮೇಲೆ ಎಂದರೆ, ವ್ಯಾಪಾರದ ನಷ್ಟಕಷ್ಟ ನೇಕಾರರ ತಲೆಗೆ ಕಟ್ಟಿದ ಹಾಗಾಯಿತು. ಮಳೆಗಾಲದಲ್ಲಿ ಗಂಜಿ ಒಣಗಿಸಲು ಒಂದು ಮಾಡು ಕಟ್ಟಲು ಎಷ್ಟು ಬೇಕು, ಅರ್ಜಿ ಎಲ್ಲಿ ಹಾಕಿದೆ? ಇಂಥದ್ದನ್ನೆಲ್ಲ ಕೇಳಿದರೆ ಕೆಲವರು, ಇವರಿಗೆ ಸೇವಾಭಾವ ಇಲ್ಲ ಎನ್ನಬಹುದು. ಅನ್ನಲಿ. ಬೀಡಿ ಕಟ್ಟುವವರಿಗೂ ಹಾಗೆಯೇ ಬಗೆಬಗೆಯಾಗಿ ಅಂದಿದ್ದರು.

ನಿಮ್ಮಲ್ಲಿ ಯಾರಿಗಾದರೂ ಒಂದು ವರ್ಷ ಕೂತ ಮೇಲೂ ಕೈಗೆ ಹತ್ತದೆ ಹೋದರೆ, ಮಗ್ಗ ಬಿಟ್ಟು ಬೇರೆ ಕೆಲಸ ಹಿಡಿಯಿರಿ. ಅದರಲ್ಲಿ ದ್ರೋಹ ಏನೂ ಇಲ್ಲ. ಹೋಗುವ ಮುಂಚೆ ಬಣ್ಣದ್ದೋ ಲೆಕ್ಕದ್ದೋ ಮಾರಾಟದ್ದೋ ಕೆಲಸ ಹಿಡಿಸುತ್ತದೆಯೋ ನೋಡಿ. ಸಂಘಕ್ಕೆ ಅಂಥವರ ಅಗತ್ಯ ನೇಯುವವರಷ್ಟೇ ಉಂಟು.

ಕೊನೆಗೆ ನನ್ನ ಕೆಲಸಕ್ಕೆ ಬರುತ್ತೇನೆ. ನನಗೆ ಎರಡು ಸೀರೆ ಬೇಕು, 80 ಕೌಂಟಿನವು. ಒಂದಕ್ಕೆ ಚೊಗರಿನ ಕಂದು ಒಡಲು, ಹಸುರು ಅಂಚು. ಇನ್ನೊಂದರ ಬಣ್ಣವನ್ನು ನೇಯುವವರೇ ಆರಿಸಲಿ, ಸೆರಗಿನ ಪಟ್ಟೆಯೂ ಅವರ ಇಷ್ಟ. ಅವಸರ ಇಲ್ಲ, ಮಳೆ ಬಿಟ್ಟ ಮೇಲೆ ಆದರೂ ಸಾಕು. ಹಣವನ್ನು ಮಾತ್ರ ಮೊದಲೇ ಕಳಿಸುತ್ತೇನೆ, ಪೂರ್ತಿ. ಅದರಲ್ಲಿ ಹಾಸು ಹೂಡುವವರ ಪಾಲು ಎಷ್ಟು ಎಂಬುದನ್ನು ರಶೀದಿಯಲ್ಲಿ ಬೇರೆಯಾಗಿ ಬರೆಯಿರಿ. ಸಂಘದ ಖಾತೆಯ ನಂಬರು ತಿಳಿಸಿ.

ಇಂತು,
ಪಡುಬಿದ್ರಿಯ ಒಬ್ಬ ಗಿರಾಕಿ